ನನ್ನ ಉತ್ತರ ಪತ್ರಿಕೆ ನನಗೆ ತೋರಿಸಿ

ಕಲ್ಕತ್ತಾ ವಿಶ್ವವಿದ್ಯಾಲಯ ತನ್ನ ಮೊದಲ ಬಿ.ಎ. ಪರೀಕ್ಷೆ ನಡೆಸಿದ್ದು 1858ರಲ್ಲಿ. ಬರೆದವರು ಬೆರಳೆಣಿಕೆಯಷ್ಟು ಮಂದಿ. ಎಲ್ಲ ವಿಷಯಗಳಲ್ಲೂ ತೇರ್ಗಡೆಯಾದವರು ಒಬ್ಬರೂ ಇರಲಿಲ್ಲ. ಇಬ್ಬರು ಮಾತ್ರ 6 ವಿಷಯಗಳಲ್ಲಿ 5ನ್ನು ದಾಟಿ, ಉಳಿದ ಒಂದರಲ್ಲಿ 7 ಅಂಕಗಳೊಳಗೆ ಮುಗ್ಗರಿಸಿದ್ದರು. ಸಿಂಡಿಕೇಟು ಆ ಇಬ್ಬರನ್ನೂ ಕೈಹಿಡಿದು ದಾಟಿಸಿತು. ಅವರಲ್ಲಿ ಒಬ್ಬರು ಬಂಕಿಮಚಂದ್ರ ಚಟರ್ಜಿ.

ಹೀಗೆ ಕೊಡುವ ಅಂಕಕ್ಕೆ ಕನ್ನಡದಲ್ಲಿ 'ಕೃಪಾಂಕ' ಎಂಬ ಹೆಸರಿದೆ. ಕೃಪೆ ಎಂದರೆ ಕೊಡುವವರು ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಯಾಕೆ ಕೊಡಲಿಲ್ಲ ಎಂದು ಕೇಳುವ ಹಾಗಿಲ್ಲ. ನಮ್ಮ ವಿಶ್ವವಿದ್ಯಾಲಯಗಳ ಪರೀಕ್ಷಾ ವಿಭಾಗಗಳು ನೂರು ವರ್ಷಕ್ಕೂ ಮಿಕ್ಕಿ ಬಾಳಿದ್ದು ಈ ಭಾವದಲ್ಲೇ. 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದರಾಸಿನಲ್ಲಿ ಹುಟ್ಟಿದ ಮೂರೂ ವಿಶ್ವವಿದ್ಯಾಲಯಗಳು ಲಂಡನ್ ವಿಶ್ವವಿದ್ಯಾಲಯದ ಮಾದರಿಯವು. ಪಾಠ ಹೇಳುವುದು ಕಾಲೇಜಿನ ಕೆಲಸ, ಪರೀಕ್ಷೆ ಮಾಡಿ ಪದವಿ ಕೊಡುವುದು ವಿಶ್ವವಿದ್ಯಾಲಯದ ಕೆಲಸ. 1916ರಲ್ಲಿ ಮೈಸೂರಿಗೆ ತನ್ನದೇ ವಿಶ್ವವಿದ್ಯಾಲಯ ಬರುವ ತನಕ ನಮ್ಮ ಹುಡುಗರು ಮದರಾಸಿನ ಫಲಿತಾಂಶಕ್ಕೆ ಕಾಯುತ್ತಿದ್ದರು. ಧಾರವಾಡದ ಕಡೆಯವರು ಬೊಂಬಾಯಿಯದಕ್ಕೆ. ಉತ್ತರ ಪತ್ರಿಕೆ ಊರು ಬಿಟ್ಟು ಹೋದರೆ ಹೋಯಿತು. ಮರಳಿ ಬರುತ್ತಿದ್ದುದು ಒಂದು ಸಂಖ್ಯೆ ಮಾತ್ರ.

ನಾನು ಪದವಿ ಓದುವಾಗಲೂ ಸ್ಥಿತಿ ಹೆಚ್ಚು ಬದಲಾಗಿರಲಿಲ್ಲ. ನನ್ನ ರೂಮಿನಲ್ಲಿದ್ದ ಗೆಳೆಯನಿಗೆ ಅವನು ಚೆನ್ನಾಗಿ ಬರೆದಿದ್ದ ಪತ್ರಿಕೆಯಲ್ಲೇ ಅಂಕ ಕೈಕೊಟ್ಟಿತು. ಮನೆಗೆ ಹೇಳದೆ ಸಾಲ ಮಾಡಿ ರೀಟೋಟಲಿಂಗ್‌ಗೆ ದುಡ್ಡು ಕಟ್ಟಿದ. ಎಷ್ಟೋ ವಾರಗಳ ಮೇಲೆ ಒಂದು ಸಾಲಿನ ಉತ್ತರ ಬಂತು: ಬದಲಾವಣೆ ಇಲ್ಲ. ಮರು ಎಣಿಕೆ ಎಂದರೆ ಹಾಕಿದ ಅಂಕಗಳನ್ನು ಮತ್ತೊಮ್ಮೆ ಕೂಡುವುದಷ್ಟೇ, ಉತ್ತರವನ್ನು ಯಾರೂ ಮತ್ತೆ ಓದುವುದಿಲ್ಲ ಎಂಬುದು ಅವನಿಗೆ ತಿಳಿದದ್ದು ಆಮೇಲೆ. ಅವನು ಕೇಳಿದ್ದು ಬಹಳ ಸಣ್ಣದು. ನಾನು ಎಲ್ಲಿ ತಪ್ಪಿದೆ ಅಂತ ತೋರಿಸಿಬಿಡಿ, ಸಾಕು ಎನ್ನುತ್ತಿದ್ದ. ತೋರಿಸುವ ನಿಯಮ ಇರಲಿಲ್ಲ.

ವಿದ್ಯಾರ್ಥಿಯ ಮಾತನ್ನು ಕೇಳಬೇಕು ಎಂದು ನ್ಯಾಯಾಲಯ ಮೊದಲು ಗಟ್ಟಿಯಾಗಿ ಹೇಳಿದ್ದು ಅಂಕದ ವಿಷಯದಲ್ಲಲ್ಲ, ನಕಲಿನ ವಿಷಯದಲ್ಲಿ. ಉತ್ತರ ಪ್ರದೇಶದ ಮೂವರು ಹುಡುಗರು 1954ರಲ್ಲಿ ಇಂಟರ್‌ಮೀಡಿಯೆಟ್ ಪಾಸಾಗಿದ್ದರು. ಕೆಲವು ತಿಂಗಳ ನಂತರ, ಅಕ್ರಮ ನಡೆಸಿದ್ದೀರಿ ಎಂದು ಮಂಡಳಿ ಅವರ ಫಲಿತಾಂಶವನ್ನೇ ರದ್ದು ಮಾಡಿತು. ಅದಕ್ಕೆ ಮುಂಚೆ ಅವರಿಗೆ ಒಂದು ನೋಟಿಸೂ ಇಲ್ಲ, ವಿವರಣೆ ಕೊಡಲು ಅವಕಾಶವೂ ಇಲ್ಲ. ವಿವಾದ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾದದ್ದು 1962ರಲ್ಲಿ. ಕಾನೂನಿನಲ್ಲಿ ಬರೆದಿರಲಿ ಬಿಡಲಿ, ಒಬ್ಬನ ಇಡೀ ಭವಿಷ್ಯಕ್ಕೆ ಕುತ್ತು ತರುವ ನಿರ್ಧಾರ ಕೈಗೊಳ್ಳುವ ಸಮಿತಿ ಅವನ ಮಾತು ಕೇಳಲೇಬೇಕು ಎಂಬುದು ತೀರ್ಪಿನ ಸಾರ. ಇಂದು ಪರೀಕ್ಷಾ ಅಕ್ರಮದ ಆರೋಪ ಹೊತ್ತ ವಿದ್ಯಾರ್ಥಿಯನ್ನು ವಿಚಾರಣೆಗೆ ಕರೆಯುವುದರ ಹಿಂದೆ ಆ ಮೂವರ ಎಂಟು ವರ್ಷಗಳ ಅಲೆದಾಟವೂ ಇದೆ.

ಅಂಕದ ವಿಷಯಕ್ಕೆ ಬಂದಾಗ ಅದೇ ನ್ಯಾಯಾಲಯ ಬೇರೆ ದಾರಿ ಹಿಡಿಯಿತು. ಉತ್ತರ ಪತ್ರಿಕೆ ತೋರಿಸುವುದಿಲ್ಲ, ಮರುಮೌಲ್ಯಮಾಪನವೂ ಇಲ್ಲ ಎನ್ನುವ ಮಹಾರಾಷ್ಟ್ರ ಮಂಡಳಿಯ ನಿಯಮವನ್ನು ಬಾಂಬೆ ಹೈಕೋರ್ಟ್ ಹೊಡೆದುಹಾಕಿತ್ತು. 1984ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿತು. ಲಕ್ಷಗಟ್ಟಲೆ ಮಕ್ಕಳು ಬರೆಯುವ ಪರೀಕ್ಷೆಗೆ ಒಂದು ಕೊನೆ ಎಂಬುದಿರಬೇಕು, ಪತ್ರಿಕೆ ತೋರಿಸುತ್ತಾ ಕುಳಿತರೆ ಫಲಿತಾಂಶ ಎಂದಿಗೂ ಅಂತಿಮವಾಗುವುದಿಲ್ಲ ಎಂಬುದು ವಾದ. ಮೌಲ್ಯಮಾಪನ ಕೇಂದ್ರಗಳಲ್ಲಿ ಕಟ್ಟುಗಟ್ಟಲೆ ಪತ್ರಿಕೆಗಳ ನಡುವೆ ಕೂರುವವರ ಕಷ್ಟ ಬಲ್ಲವರಿಗೆ ಅದು ಪೂರ್ತಿ ಸುಳ್ಳೆನಿಸುವುದಿಲ್ಲ. ಆದರೆ ಕೆಲಸ ಹೆಚ್ಚಿದೆ ಎಂಬ ಕಾರಣಕ್ಕೆ ತಪ್ಪು ಮುಚ್ಚಿಕೊಳ್ಳುವುದು ನ್ಯಾಯ ಹೇಗಾದೀತು? ಅಲ್ಲಿಂದ ಎರಡು ದಶಕ ಪತ್ರಿಕೆಯ ಬಾಗಿಲು ಹಾಕಿಯೇ ಇತ್ತು.

ಬಾಗಿಲು ತೆಗೆದದ್ದು ಪರೀಕ್ಷೆಗೆ ಸಂಬಂಧವೇ ಇಲ್ಲದ ಒಂದು ಕಾಯ್ದೆ. 2005ರ ಅಕ್ಟೋಬರ್ 12ರಂದು ಮಾಹಿತಿ ಹಕ್ಕು ಕಾಯ್ದೆ ಪೂರ್ಣವಾಗಿ ಜಾರಿಗೆ ಬಂತು. ರಸ್ತೆ, ಪಡಿತರ, ಕಾಮಗಾರಿಗಳ ಲೆಕ್ಕ ಕೇಳಲು ಜನ ಅದನ್ನು ಹಿಡಿದು ಹೊರಟಾಗ, ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಆನರ್ಸ್ ಓದುತ್ತಿದ್ದ ಒಬ್ಬ ಹುಡುಗ ತನ್ನ ಉತ್ತರ ಪತ್ರಿಕೆ ಕೇಳಿದ. ವಿಶ್ವವಿದ್ಯಾಲಯ ಒಲ್ಲೆ ಎಂದಿತು. 2008ರಲ್ಲಿ ಕಲ್ಕತ್ತಾ ಹೈಕೋರ್ಟ್ ಅವನ ಪರ ತೀರ್ಪು ಕೊಟ್ಟಿತು. 2009ರಲ್ಲಿ ವಿಭಾಗೀಯ ಪೀಠ ಅದನ್ನು ಎತ್ತಿಹಿಡಿಯಿತು. ಮೊದಲ ಬಿ.ಎ. ಪರೀಕ್ಷೆಯಲ್ಲಿ ಕೃಪಾಂಕ ಕೊಟ್ಟ ವಿಶ್ವವಿದ್ಯಾಲಯದ ಎದುರೇ, ಒಂದೂವರೆ ಶತಮಾನದ ಮೇಲೆ ಹಕ್ಕಿನ ಮಾತು ಗೆದ್ದಿತು.

ಸಿಬಿಎಸ್‌ಇಯೂ ಸೇರಿ ಹಲವು ಸಂಸ್ಥೆಗಳು ಸುಪ್ರೀಂ ಕೋರ್ಟಿಗೆ ಹೋದವು. 2011ರ ಆಗಸ್ಟ್ 9ರಂದು ತೀರ್ಪು ಕೊಟ್ಟ ಪೀಠದಲ್ಲಿದ್ದವರು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮತ್ತು ನ್ಯಾಯಮೂರ್ತಿ ಎ.ಕೆ. ಪಟ್ನಾಯಕ್. ರವೀಂದ್ರನ್ ಅವರು ಬೆಂಗಳೂರಿನಲ್ಲಿ ವಕೀಲಿ ಮಾಡಿ, ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು. ಪರೀಕ್ಷಕ ಹಾಕಿದ ಅಂಕ ಅವನ ಅಭಿಪ್ರಾಯ, ಅಭಿಪ್ರಾಯವೂ ಮಾಹಿತಿಯೇ, ಆದ್ದರಿಂದ ತಿದ್ದಿದ ಉತ್ತರ ಪತ್ರಿಕೆಯನ್ನು ನೋಡುವ, ಪ್ರತಿ ಪಡೆಯುವ ಹಕ್ಕು ಬರೆದವನಿಗಿದೆ ಎಂದಿತು ಪೀಠ. ವಿಶ್ವಾಸದಿಂದ ಇಟ್ಟುಕೊಂಡದ್ದನ್ನು ಹೊರಗೆ ಕೊಡಲಾಗದು ಎಂಬ ಸಂಸ್ಥೆಗಳ ವಾದ ನಿಲ್ಲಲಿಲ್ಲ. ಪತ್ರಿಕೆ ಬರೆದವನಿಂದಲೇ ಅದನ್ನು ಬಚ್ಚಿಡುವುದು ಎಂಥ ವಿಶ್ವಾಸ? ತೋರಿಸಬಾರದು ಎನ್ನುವ ನಿಯಮ ಎಷ್ಟೇ ಹಳೆಯದಿದ್ದರೂ ಈ ಕಾಯ್ದೆಯ ಮುಂದೆ ನಡೆಯದು ಎಂದೂ ನ್ಯಾಯಾಲಯ ಹೇಳಿತು.

ಒಂದು ಗಡಿಯನ್ನೂ ಅದು ಎಳೆಯಿತು. ಪರೀಕ್ಷಕರ ಹೆಸರು, ಸಹಿ ಬಹಿರಂಗವಾಗಬಾರದು, ಅವರ ಸುರಕ್ಷತೆಯ ಪ್ರಶ್ನೆ ಅದು. ಪತ್ರಿಕೆ ನೋಡುವ ಹಕ್ಕು ಇದೆ ಎಂದ ಮಾತ್ರಕ್ಕೆ ಮರುಮೌಲ್ಯಮಾಪನದ ಹಕ್ಕು ತಾನಾಗಿ ಬಂದಂತಲ್ಲ. ಅದು ಆಯಾ ವಿಶ್ವವಿದ್ಯಾಲಯದ ನಿಯಮಕ್ಕೆ ಬಿಟ್ಟದ್ದು. ನಿಯಮ ಮೌನವಾಗಿದ್ದರೆ, ಎದ್ದು ಕಾಣುವ ಸ್ಪಷ್ಟ ತಪ್ಪಿದ್ದಾಗ, ಅಪರೂಪಕ್ಕೆ ಮಾತ್ರ ನ್ಯಾಯಾಲಯ ಕೈಹಾಕಬೇಕು. ತಾನೇ ಕೂತು ಪತ್ರಿಕೆ ತಿದ್ದಬಾರದು ಎಂದು 2017ರ ಇನ್ನೊಂದು ತೀರ್ಪು ಹೇಳಿದೆ. ಹಾಗಾಗಿ ನಮ್ಮಲ್ಲಿ ಫಲಿತಾಂಶ ಬಂದ ಕೂಡಲೇ ನೋಡಬೇಕಾದ್ದು ಕುಲಸಚಿವರ (ಮೌಲ್ಯಮಾಪನ) ಕಚೇರಿಯ ಸುತ್ತೋಲೆಯನ್ನು. ಫೋಟೋಕಾಪಿ, ರೀವ್ಯಾಲ್ಯುಯೇಷನ್, ಕೆಲವು ಕಡೆ ಚಾಲೆಂಜ್ ವ್ಯಾಲ್ಯುಯೇಷನ್, ಎಲ್ಲಕ್ಕೂ ಕೊನೆಯ ದಿನಾಂಕ ಅದರಲ್ಲೇ ಇರುತ್ತದೆ. ದಿನ ಮೀರಿದರೆ ಎಂಥ ನ್ಯಾಯವಾದ ದೂರೂ ಸೊರಗುತ್ತದೆ.

ಅಂಕ ಬಿಟ್ಟು ಉಳಿದ ಸಂಕಟಗಳೂ ಇವೆಯಲ್ಲ. ಶುಲ್ಕ ಬಾಕಿ ಎಂದು ಅಂಕಪಟ್ಟಿಯನ್ನು ಒತ್ತೆ ಇಟ್ಟುಕೊಳ್ಳುವುದು, ಸೀಟು ಬಿಟ್ಟವರ ಹಣ ವಾಪಸು ಮಾಡದಿರುವುದು, ವಿದ್ಯಾರ್ಥಿವೇತನ ತಡೆಯುವುದು, ಮೀಸಲಾತಿ ಮೀರುವುದು, ಫಲಿತಾಂಶ ತಿಂಗಳುಗಟ್ಟಲೆ ಎಳೆಯುವುದು. ಇವಕ್ಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2012ರಲ್ಲಿ ಒಂದು ನಿಯಮಾವಳಿ ಮಾಡಿತು, 2019ರಲ್ಲಿ ಅದನ್ನು ಬದಲಿಸಿತು, 2023ರ ಏಪ್ರಿಲ್‌ನಲ್ಲಿ ಈಗಿನದನ್ನು ತಂದಿತು. ಇದರಂತೆ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಒಬ್ಬ ಮಹಿಳೆ, ಪರಿಶಿಷ್ಟ ಜಾತಿ, ಪಂಗಡ ಅಥವಾ ಹಿಂದುಳಿದ ವರ್ಗದ ಕನಿಷ್ಠ ಒಬ್ಬರು ಇರಬೇಕು. ದೂರು ಬಂದ 15 ಕೆಲಸದ ದಿನಗಳೊಳಗೆ ಸಮಿತಿ ವರದಿ ಕೊಡಬೇಕು. ಸಮಾಧಾನವಾಗದಿದ್ದರೆ 15 ದಿನಗಳೊಳಗೆ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಅವರು 30 ದಿನಗಳಲ್ಲಿ ಇತ್ಯರ್ಥ ಮಾಡಬೇಕು. ನಿವೃತ್ತ ಕುಲಪತಿ, 10 ವರ್ಷ ಪ್ರಾಧ್ಯಾಪಕರಾಗಿದ್ದ ನಿವೃತ್ತರು ಅಥವಾ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಈ ಹುದ್ದೆಗೆ ಬರಬಹುದು.

ಇಲ್ಲಿ ವಿದ್ಯಾರ್ಥಿಗಳು ಎಡವುವ ಒಂದು ಜಾಗವಿದೆ. ಬರೀ ಅಂಕ ಕಡಿಮೆ ಬಂತು, ಮರುಮೌಲ್ಯಮಾಪನ ಮಾಡಿಸಿ ಎಂದು ಕೇಳಿದರೆ ಓಂಬುಡ್ಸ್‌ಪರ್ಸನ್ ಅರ್ಜಿ ತೆಗೆದುಕೊಳ್ಳುವುದಿಲ್ಲ. ಫಲಿತಾಂಶವನ್ನೇ ಏರುಪೇರು ಮಾಡಿದ ನಿರ್ದಿಷ್ಟ ಅಕ್ರಮವನ್ನೋ ತಾರತಮ್ಯವನ್ನೋ ಬೊಟ್ಟು ಮಾಡಿ ತೋರಿಸಬೇಕು. ಹಾಗೆ ತೋರಿಸಲು ಮೊದಲು ಪತ್ರಿಕೆ ಕೈಯಲ್ಲಿರಬೇಕು. ನಾಲ್ಕನೆಯ ಉತ್ತರಕ್ಕೆ ಅಂಕವನ್ನೇ ಹಾಕಿಲ್ಲ, ಹೆಚ್ಚುವರಿ ಹಾಳೆ ಲೆಕ್ಕಕ್ಕೆ ಬಂದಿಲ್ಲ ಎಂಬುದು ಪುಟ ತಿರುವಿದಾಗ ತಾನೆ ಗೊತ್ತಾಗುವುದು? 2011ರ ತೀರ್ಪೂ 2023ರ ನಿಯಮಾವಳಿಯೂ ಒಂದಕ್ಕೊಂದು ಆಸರೆಯಾಗುವುದು ಈ ಜಾಗದಲ್ಲಿ.

ಕಾಗದದ ಮೇಲಿನ ಹುದ್ದೆಗೆ ಮನುಷ್ಯರು ಬರುವುದು ಮಾತ್ರ ತಡವಾಯಿತು. 2024ರ ಜೂನ್‌ನಲ್ಲಿ ಆಯೋಗವೇ ಓಂಬುಡ್ಸ್‌ಪರ್ಸನ್ ನೇಮಿಸದ 157 ವಿಶ್ವವಿದ್ಯಾಲಯಗಳ ಪಟ್ಟಿ ಹೊರಡಿಸಿತು. ಅವುಗಳಲ್ಲಿ 108 ಸರ್ಕಾರಿ, 47 ಖಾಸಗಿ, 2 ಡೀಮ್ಡ್. ಆ ಹೊತ್ತಿಗೆ ನಿಯಮ ಬಂದು ಒಂದು ವರ್ಷ ದಾಟಿತ್ತು. ಆ ವರ್ಷ ಮೇಲ್ಮನವಿ ಹಿಡಿದು ಹೋದ ಹುಡುಗಿ ಯಾರ ಬಾಗಿಲು ತಟ್ಟಬೇಕಿತ್ತು? ನೇಮಕವಾದ ಕಡೆಗಳಲ್ಲೂ ಹೆಸರು, ವಿಳಾಸ ವಿದ್ಯಾರ್ಥಿಯ ಕಣ್ಣಿಗೆ ಬೀಳುವಂತಿದೆಯೇ ಎಂದು ಪ್ರತಿ ಕಾಲೇಜೂ ತನ್ನ ನೋಟಿಸ್ ಬೋರ್ಡ್ ನೋಡಿಕೊಳ್ಳಬೇಕು.

ಮಾಹಿತಿ ಹಕ್ಕಿನಡಿ ಪತ್ರಿಕೆ ಕೇಳುವುದಾದರೆ ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕು. 10 ರೂಪಾಯಿ ಶುಲ್ಕ, ಪುಟಕ್ಕೆ 2 ರೂಪಾಯಿ. 30 ದಿನಗಳಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ, ಆಮೇಲೆ ಮಾಹಿತಿ ಆಯೋಗ. ಅರ್ಜಿಯ ಇನ್ನೊಂದು ಪ್ರತಿಗೆ ಕಚೇರಿಯ ಮುದ್ರೆ, ತಾರೀಕು ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ. ನಾಳೆ ಮಾಡೋಣ ಎಂದು ಕೂರಲೂಬೇಡಿ. ಪತ್ರಿಕೆಗಳನ್ನು ಇಂತಿಷ್ಟು ಕಾಲ ಇಡಬೇಕೆಂದು ಪ್ರತಿ ವಿಶ್ವವಿದ್ಯಾಲಯಕ್ಕೂ ಒಂದು ಅವಧಿ ಇರುತ್ತದೆ, ನಿಮ್ಮ ಹಕ್ಕು ಬದುಕಿರುವುದೂ ಅಷ್ಟೇ ಕಾಲ. ಅದು ಮುಗಿದ ಮೇಲೆ ನೀವು ಮೂರು ಗಂಟೆ ಕೂತು ಬರೆದ ಹಾಳೆಗಳು ಉಳಿದ ಕಟ್ಟುಗಳ ಜೊತೆ ರದ್ದಿಗೆ ಹೋಗುತ್ತವೆ.