ಶಸ್ತ್ರಚಿಕಿತ್ಸೆಯ ನಂತರದ ನೋವಿಗೆ ಎಪಿಡ್ಯೂರಲ್ ಉಪಶಮನ

ಎದೆ ಅಥವಾ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯಾದವರಿಗೆ ಮೊದಲ ಎರಡು-ಮೂರು ದಿನಗಳ ನೋವು ಅತ್ಯಂತ ಕಠಿಣವಾದುದು. ನಮ್ಮ ಭಾಗದ ಹಿರಿಯರಲ್ಲಿ ಅನೇಕರು ಅದನ್ನು ಯಾರಿಗೂ ಹೇಳದೆ ನುಂಗಿಕೊಳ್ಳುತ್ತಾರೆ. ನೋವಿಗೆ ಅಂಜಿದ ರೋಗಿಯು ಆಳವಾಗಿ ಉಸಿರೆಳೆಯಲಾರನು, ಕೆಮ್ಮಲಾರನು, ಹಾಸಿಗೆ ಬಿಟ್ಟು ಏಳಲಾರನು. ಇದರಿಂದ ಕಫವು ಶ್ವಾಸಕೋಶದಲ್ಲಿ ನಿಂತು ನ್ಯುಮೋನಿಯಾ ಆಗಬಹುದು. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆದ್ದರಿಂದ ನೋವಿನ ಶಮನವೂ ಚಿಕಿತ್ಸೆಯ ಒಂದು ಅಂಗವೇ ಆಗಿದೆ.

ಈ ವಿಚಾರ ನಮ್ಮ ಶಾಸ್ತ್ರಕ್ಕೆ ಹೊಸದಲ್ಲ. ಶಸ್ತ್ರದಿಂದ ಉಂಟಾದ ವೇದನೆಗೆ ಯಷ್ಟಿಮಧು ಸೇರಿಸಿದ ಉಗುರುಬೆಚ್ಚಗಿನ ತುಪ್ಪವನ್ನು ಸುಶ್ರುತ ಸಂಹಿತೆಯ ಸೂತ್ರಸ್ಥಾನವು ವಿಧಿಸುತ್ತದೆ. ಇಂದಿನ ದೊಡ್ಡ ಶಸ್ತ್ರಕರ್ಮಗಳಿಗೆ ಅಷ್ಟು ಸಾಲದು. ಹೊಲಿಗೆಯ ಮೇಲೆ ಮನೆಯಲ್ಲಿ ಯಾವ ಲೇಪವನ್ನೂ ಹಚ್ಚಬಾರದು.

ಬೆನ್ನುಹುರಿಯನ್ನು ಸುತ್ತಿರುವ ಪೊರೆಯ ಹೊರಗೆ ಒಂದು ಕಿರಿದಾದ ಅವಕಾಶವಿದೆ. ಅಲ್ಲಿಗೆ ಸೂಜಿಯ ಮೂಲಕ ದಾರದಷ್ಟು ತೆಳುವಾದ ನಳಿಕೆಯನ್ನಿಟ್ಟು, ಸೂಜಿಯನ್ನು ಹೊರತೆಗೆದು, ನಳಿಕೆಯ ಮೂಲಕ ಔಷಧವನ್ನು ಹನಿಹನಿಯಾಗಿ ನೀಡುವುದೇ ಎಪಿಡ್ಯೂರಲ್ ವಿಧಾನ. ಸೊಂಟದ ಭಾಗದಲ್ಲಿ ಈ ವಿಧಾನದಿಂದ ಅರಿವಳಿಕೆ ನೀಡುವ ಕ್ರಮವನ್ನು ೧೯೨೧ರಲ್ಲಿ ಸ್ಪೇನಿನ ಸೇನಾ ಶಸ್ತ್ರವೈದ್ಯ ಫಿಡೆಲ್ ಪಾಹೆಸ್ ಪ್ರಕಟಿಸಿದರು.

ಈ ಉಪಶಮನ ಎಲ್ಲರಲ್ಲಿಯೂ ಸಮಾನವಾಗಿ ಫಲಿಸುವುದಿಲ್ಲ. ನಳಿಕೆ ಜರುಗಬಹುದು, ಒಂದೇ ಮಗ್ಗುಲಿಗೆ ಮರಗಟ್ಟಬಹುದು. ಅದನ್ನು ಸುಧಾರಿಸುವ ಮಾರ್ಗಗಳು ಸ್ಪಷ್ಟವಾಗಿವೆ. ಗಾಯವಿರುವ ಮಟ್ಟಕ್ಕೆ ಸರಿಯಾಗಿ ನಳಿಕೆಯನ್ನಿಡಬೇಕು. ಮೇಲ್ಹೊಟ್ಟೆಯ ಗಾಯಕ್ಕೆ ಎದೆಯ ಹಿಂಭಾಗದ ಮಟ್ಟವೇ ಯೋಗ್ಯ. ಬುಪಿವಕೇನ್‌ನಂತಹ ಔಷಧವನ್ನು ತೆಳುವಾಗಿಸಿ, ಅದಕ್ಕೆ ಅಲ್ಪ ಪ್ರಮಾಣದ ಫೆಂಟನಿಲ್ ಸೇರಿಸಿದರೆ ನೋವು ತಗ್ಗುತ್ತದೆ, ಕಾಲಿನ ಶಕ್ತಿಯೂ ಬಹುಮಟ್ಟಿಗೆ ಉಳಿಯುತ್ತದೆ. ನೋವನ್ನು ೦ರಿಂದ ೧೦ರ ಅಳತೆಯಲ್ಲಿ, ಮಲಗಿದಾಗ ಮಾತ್ರವಲ್ಲದೆ ಕೆಮ್ಮಿದಾಗಲೂ ಕೇಳಬೇಕು. ರೋಗಿಯು ಮರೆಮಾಚದೆ ಉತ್ತರಿಸಿದರೆ ಮಾತ್ರ ವೈದ್ಯರು ಔಷಧದ ಪ್ರಮಾಣವನ್ನು ಸರಿಪಡಿಸಬಲ್ಲರು.

“ಬೆನ್ನಾಗ ಸೂಜಿ ಹಾಕಿಸಿಕೊಂಡ್ರ ಜೀವಮಾನ ಪೂರ್ತಿ ಬೆನ್ನುಬ್ಯಾನಿ” ಎಂಬ ಮಾತನ್ನು ಔರಾದ, ಭಾಲ್ಕಿ ಕಡೆಯ ಹಳ್ಳಿಗಳಲ್ಲಿ ನಾವು ಮೇಲಿಂದ ಮೇಲೆ ಕೇಳುತ್ತೇವೆ. ಸೂಜಿ ತಾಗಿದ ಜಾಗದಲ್ಲಿ ಕೆಲವು ದಿನ ನೋವಿರಬಹುದು. ದೀರ್ಘಕಾಲದ ಬೆನ್ನುನೋವಿಗೆ ಇದೇ ಕಾರಣವೆಂಬುದಕ್ಕೆ ಆಧಾರವಿಲ್ಲ. ರಕ್ತದೊತ್ತಡ ಇಳಿಯುವುದು, ತುರಿಕೆ, ಮೂತ್ರ ಕಟ್ಟುವುದು, ಕೆಲವರಿಗೆ ತಲೆನೋವು ಇವು ನಿಜವಾದ ತೊಂದರೆಗಳು. ಆದ್ದರಿಂದಲೇ ಹಗಲಿರುಳು ನಿಗಾ ಅವಶ್ಯ.

ರಕ್ತ ತೆಳುವಾಗಿಸುವ ವಾರ್ಫರಿನ್, ಕ್ಲೋಪಿಡೋಗ್ರೆಲ್ ಸೇವಿಸುವವರು ಮೊದಲೇ ತಿಳಿಸಬೇಕು, ತಾವಾಗಿಯೇ ನಿಲ್ಲಿಸಬಾರದು. ಆಯುರ್ವೇದ ವೈದ್ಯರಾಗಿ ನಾವು ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇವೆ: ಗುಗ್ಗುಳು, ಬೆಳ್ಳುಳ್ಳಿಯ ಯೋಗಗಳು, ಅರಿಶಿನದ ಮಾತ್ರೆಗಳು ಇವುಗಳನ್ನೂ ಅರಿವಳಿಕೆ ತಜ್ಞರಿಂದ ಮುಚ್ಚಿಡಬಾರದು. ಇವು ರಕ್ತ ಹೆಪ್ಪುಗಟ್ಟುವ ಕ್ರಿಯೆಯ ಮೇಲೆ ಪರಿಣಾಮ ಬೀರಬಹುದು. “ಗಿಡಮೂಲಿಕೆಯಲ್ಲವೇ” ಎಂಬ ಉದಾಸೀನ ಇಲ್ಲಿ ಸಲ್ಲದು.

ಭಾಲ್ಕಿ, ಔರಾದಗಳಿಂದ ದೊಡ್ಡ ಶಸ್ತ್ರಚಿಕಿತ್ಸೆಗಾಗಿ ಬೀದರ ನಗರಕ್ಕೆ, ಅಲ್ಲಿಂದ ಕೆಲವೊಮ್ಮೆ ಕಲಬುರಗಿಗೋ ಹೈದರಾಬಾದಿಗೋ ಹೋಗುವುದು ರೂಢಿ. ಎಲ್ಲಿಗೇ ಹೋಗಲಿ, ದಾಖಲಾಗುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಬೇಕು: ನಮ್ಮ ರೋಗಿಗೆ ಎಪಿಡ್ಯೂರಲ್ ಯೋಗ್ಯವೇ? ರಾತ್ರಿ ಅದನ್ನು ನೋಡಿಕೊಳ್ಳುವವರು ಯಾರು? ಅದು ಸಾಧ್ಯವಿಲ್ಲದಿದ್ದರೆ ಬೇರೆ ಉಪಾಯವೇನು? ನಿಗಾ ಇಡಲು ಸಿಬ್ಬಂದಿ ಇಲ್ಲದಲ್ಲಿ ನರಗಳ ಸುತ್ತ ನೀಡುವ ಚುಚ್ಚುಮದ್ದು, ಪ್ಯಾರಾಸಿಟಮಾಲ್ ಮೊದಲಾದವುಗಳ ಸಂಯೋಗವೇ ಲೇಸು.

ಬಳಿಯಲ್ಲಿರುವ ಬಂಧುಗಳು ಒಂದನ್ನು ನೆನಪಿಡಬೇಕು. ಕಾಲಿನ ಶಕ್ತಿ ಹೊಸದಾಗಿ ಕುಂದಿದರೆ, ಬೆನ್ನಿನಲ್ಲಿ ತೀವ್ರ ನೋವೆದ್ದರೆ, ಜ್ವರ ಬಂದರೆ, ರೋಗಿಯು ಎಬ್ಬಿಸಿದರೂ ಏಳದಷ್ಟು ಮಂಪರಿನಲ್ಲಿದ್ದರೆ ಬೆಳಗಾಗಲೆಂದು ಕಾಯದೆ ಆ ಕ್ಷಣವೇ ವೈದ್ಯರನ್ನು ಕರೆಯಬೇಕು. ಬೆನ್ನುಹುರಿಯ ಬಳಿ ರಕ್ತ ಕಟ್ಟುವುದು ವಿರಳ. ಕಟ್ಟಿದಲ್ಲಿ ಕೆಲವೇ ಗಂಟೆಗಳ ವಿಳಂಬವೂ ಕಾಲುಗಳನ್ನು ಶಾಶ್ವತವಾಗಿ ಕಸಿದುಕೊಳ್ಳಬಹುದು.