ಕರಣೆ ಯಾರ ಕೈಗೆ?

ಚೆನ್ನೈಯ ಮರೀನಾ ಕಡಲತೀರದಲ್ಲಿ ‘ಶ್ರಮದ ವಿಜಯ’ ಎಂಬ ಹೆಸರಾಂತ ಶಿಲ್ಪವಿದೆ. ದೇವಿಪ್ರಸಾದ್ ರಾಯ್ ಚೌಧರಿ ಅವರ ಈ ಕೃತಿ 1959ರಲ್ಲಿ ಅಲ್ಲಿ ನಿಂತಿತು. ದೊಡ್ಡ ಬಂಡೆಯೊಂದನ್ನು ಮೀಟುತ್ತಿರುವ ನಾಲ್ವರು, ನಾಲ್ವರೂ ಗಂಡಸರು. ದೇಶದ ಮೊದಲ ಮೇ ದಿನವನ್ನು 1923ರಲ್ಲಿ ಸಿಂಗಾರವೇಲರ್ ಆಚರಿಸಿದ್ದು ಇದೇ ಊರಿನಲ್ಲಿ. ಕಾರ್ಮಿಕ ಚಳವಳಿಯ ತವರೆನಿಸಿದ ಇಲ್ಲಿಯೂ ದುಡಿಮೆಗೆ ಕೊಟ್ಟ ರೂಪ ಗಂಡಸಿನದೇ. ಆದರೆ ನಗರದಲ್ಲಿ ಕಟ್ಟಡ ಏಳುತ್ತಿರುವ ಜಾಗಕ್ಕೆ ಹೋಗಿ ನೋಡಿ: ತಲೆಯ ಮೇಲೆ ಇಟ್ಟಿಗೆ, ಮರಳು ಹೊತ್ತು ಮೆಟ್ಟಿಲೇರುವ ಹೆಂಗಸರು ಕಾಣುತ್ತಾರೆ.

ಅಲ್ಲಿ ಗಾರೆ ಮೇಸ್ತ್ರಿಗೆ ಕೊತ್ತನಾರ್ ಎನ್ನುತ್ತಾರೆ. ಅವನ ಕೈಕೆಳಗಿನ ಗಂಡಾಳು ಪೆರಿಯಾಳ್, ಹೆಣ್ಣಾಳು ಸಿತ್ತಾಳ್. ಕೂಲಿಯೂ ಇದೇ ಕ್ರಮದಲ್ಲಿ ಇಳಿಯುತ್ತದೆ. ಸಿತ್ತಾಳ್ ಬೆಳಿಗ್ಗೆ ಬಂದವಳೇ ಮರಳು ಜರಡಿ ಹಿಡಿಯುತ್ತಾಳೆ. ಸಿಮೆಂಟು ಕಲಸಲು ನೀರು ಹೊಯ್ಯುತ್ತಾಳೆ. ಬಾಂಡ್ಲಿ ತುಂಬಿಕೊಂಡು, ತಲೆಗೆ ಸಿಂಬಿ ಇಟ್ಟು, ಹಲಗೆಯ ಮೇಲೆ ಹತ್ತಿ ಮೇಸ್ತ್ರಿಯ ಪಕ್ಕ ಸುರಿದು, ಖಾಲಿ ಬಾಂಡ್ಲಿ ಹಿಡಿದು ಕೆಳಗಿಳಿಯುತ್ತಾಳೆ. ಸಂಜೆಯವರೆಗೂ ಇದೇ ಹತ್ತಿಳಿಯುವ ಕೆಲಸ. ಅತ್ತ ಪೆರಿಯಾಳ್ ಮೇಸ್ತ್ರಿಯ ಮಗ್ಗುಲಲ್ಲೇ ಇರುತ್ತಾನೆ. ತೂಕಗುಂಡು ಬಿಡುವುದು, ದಾರ ಕಟ್ಟುವುದು, ರಸಮಟ್ಟ ನೋಡುವುದು ಅವನ ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಮಧ್ಯಾಹ್ನದ ಬಿಡುವಿನಲ್ಲಿ ಕರಣೆ ಹಿಡಿದು ನಾಲ್ಕು ಇಟ್ಟಿಗೆ ಇಟ್ಟು ನೋಡುತ್ತಾನೆ. ಕೆಲವು ವರ್ಷಗಳಲ್ಲಿ ಅವನೇ ಮೇಸ್ತ್ರಿ. ಅವನಿಗಿಂತ ಮೊದಲೇ ಕೆಲಸಕ್ಕೆ ಬಂದ ಸಿತ್ತಾಳ್ ವಯಸ್ಸಾಗುವವರೆಗೂ ಸಿತ್ತಾಳ್ ಆಗಿಯೇ ಉಳಿಯುತ್ತಾಳೆ.

ಇದು ಚೆನ್ನೈಯೊಂದರ ಕಥೆಯಲ್ಲ. ಯಾದಗಿರಿ, ರಾಯಚೂರಿನಿಂದ ಬೆಂಗಳೂರಿಗೆ ಗುಳೆ ಬರುವ ದಂಪತಿಗಳ ಪಾಡೂ ಇದೇ. ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಒಂದು ಕೂಲಿ ಎಂಬ ಲೆಕ್ಕ ನಮ್ಮ ಹೊಲಗಳಿಂದ ನಗರದ ಕಟ್ಟಡಗಳವರೆಗೂ ಬಂದಿದೆ. ‘ಭಾರದ ಕೆಲಸ ಗಂಡಸಿನದು, ಅದಕ್ಕೇ ಹೆಚ್ಚು’ ಎಂಬ ಸಮರ್ಥನೆಯೂ ಜೊತೆಗೇ ಬಂದಿದೆ. ಭಾರ ಹೊರುವುದೇ ಹೆಣ್ಣಾಳಿನ ಕೆಲಸವಾಗಿರುವಲ್ಲಿ ಆ ಮಾತು ನಿಲ್ಲುವುದಿಲ್ಲ. ಈಗ ರೆಡಿಮಿಕ್ಸ್ ಕಾಂಕ್ರೀಟು, ಲಿಫ್ಟು ಬಂದು ಹೊರುವ ಕೆಲಸವೂ ಕಡಿಮೆಯಾಗುತ್ತಿದೆ. ಕಸುಬು ಕಲಿಸದೆ ಬಿಟ್ಟವರನ್ನೇ ಯಂತ್ರ ಮೊದಲು ಮನೆಗೆ ಕಳಿಸುತ್ತದೆ.

ವೇತನ ತಾರತಮ್ಯದ ಚರ್ಚೆ ಎದ್ದಾಗಲೆಲ್ಲ ಎರಡು ಪಕ್ಷಗಳಾಗುತ್ತವೆ. ಭಾರತದಲ್ಲಿ ಗಂಡಸರು 100 ರೂಪಾಯಿ ಗಳಿಸಿದರೆ ಹೆಂಗಸರು ಗಳಿಸುವುದು 28.6 ರೂಪಾಯಿ ಎಂದು ವಿಶ್ವ ಆರ್ಥಿಕ ವೇದಿಕೆಯ 2024ರ ವರದಿ ಅಂದಾಜಿಸಿತು. ‘ಇದು ಒಂದೇ ಕೆಲಸದ ಸಂಬಳದ ಹೋಲಿಕೆಯಲ್ಲ, ಗಳಿಕೆಯೇ ಇಲ್ಲದವರನ್ನೂ ಸೇರಿಸಿದ ಲೆಕ್ಕ’ ಎಂದು ಇನ್ನೊಂದು ಪಕ್ಷ ಆಕ್ಷೇಪಿಸುತ್ತದೆ. ಆಕ್ಷೇಪ ಸರಿಯೇ. ಆದರೆ ಅಲ್ಲಿಗೆ ಚರ್ಚೆ ಮುಗಿಯಬಾರದು. ಹೆಂಗಸರು ಗಳಿಕೆಯಿಂದ ಹೊರಗುಳಿಯುವುದೇಕೆ, ಒಳಗೆ ಬಂದವರು ಕೆಳಗಿನ ಮೆಟ್ಟಿಲಲ್ಲೇ ನಿಲ್ಲುವುದೇಕೆ ಎಂಬ ಪ್ರಶ್ನೆ ಶುರುವಾಗುವುದೇ ಅಲ್ಲಿಂದ.

ಕಾನೂನು ಏನು ಹೇಳುತ್ತದೆ? 1976ರ ಸಮಾನ ವೇತನ ಕಾಯ್ದೆ ಒಂದೇ ಬಗೆಯ ಕೆಲಸಕ್ಕೆ ಒಂದೇ ಸಂಬಳ ಎಂದಿತು. ಅದನ್ನು ಒಳಗೊಂಡ ವೇತನ ಸಂಹಿತೆಗೆ 2019ರಲ್ಲಿ ಸಂಸತ್ತು ಒಪ್ಪಿಗೆ ನೀಡಿತು. ಮೆಕಿನನ್ ಮೆಕೆಂಜಿ ಕಂಪನಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1987ರಲ್ಲಿ ಮಹತ್ವದ ತೀರ್ಪು ಕೊಟ್ಟಿತು. ಮಹಿಳಾ ಸ್ಟೆನೊಗ್ರಾಫರುಗಳದು ಬೇರೆಯೇ ವರ್ಗ ಎಂಬ ಕಂಪನಿಯ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಹಣಕಾಸಿನ ಮುಗ್ಗಟ್ಟೂ ನೆಪವಾಗದು ಎಂದಿತು. ಅದೇ ವರ್ಷದ ತಿದ್ದುಪಡಿ ಬಡ್ತಿ, ತರಬೇತಿ, ವರ್ಗಾವಣೆಯಲ್ಲಿಯೂ ತಾರತಮ್ಯ ಕೂಡದೆಂದು ಸೇರಿಸಿತು. ಆದರೆ ನೇಮಕಾತಿ ಪತ್ರವೂ ಹಾಜರಿ ಪುಸ್ತಕವೂ ಇಲ್ಲದ ದಿನಗೂಲಿ ಕೆಲಸದಲ್ಲಿ, ತನಗೆ ಕಸುಬು ಕಲಿಸಲಿಲ್ಲ ಎಂದು ಸಿತ್ತಾಳ್ ಯಾವ ಕಾಗದ ಹಿಡಿದು ದೂರು ಕೊಡಬೇಕು? ಮೇಸ್ತ್ರಿಯದೂ ಅವಳದೂ ಬೇರೆ ಬೇರೆ ಕೆಲಸ. ಹಾಗಾಗಿ ಕೂಲಿಯ ವ್ಯತ್ಯಾಸ ಕಾನೂನಿನ ಕಣ್ಣಿಗೆ ತಪ್ಪಾಗಿ ಕಾಣುವುದೇ ಇಲ್ಲ.

ಕಾರ್ಖಾನೆಗಳಲ್ಲಿ ತಡೆ ಬೇರೆ ರೂಪದಲ್ಲಿ ಎದುರಾಗುತ್ತದೆ. ದೇಶದ ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರ ಸಂಖ್ಯೆಯಲ್ಲಿ ತಮಿಳುನಾಡಿನದೇ ಮೊದಲ ಸ್ಥಾನ. ಇದು ಹೆಮ್ಮೆಯ ವಿಷಯ. ಆದರೆ ಚೆನ್ನೈ ಹತ್ತಿರದ ಶ್ರೀಪೆರುಂಬುದೂರಿನ ಫಾಕ್ಸ್‌ಕಾನ್ ಐಫೋನ್ ಘಟಕದಲ್ಲಿ ಮದುವೆಯಾದ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳದೆ ದೂರ ಇಡಲಾಗುತ್ತಿದೆ ಎಂದು ರಾಯಿಟರ್ಸ್ 2024ರ ಜೂನ್‌ನಲ್ಲಿ ವರದಿ ಮಾಡಿದಾಗ, ಕೇಂದ್ರ ಕಾರ್ಮಿಕ ಸಚಿವಾಲಯ 1976ರ ಕಾಯ್ದೆಯನ್ನೇ ಉಲ್ಲೇಖಿಸಿ ರಾಜ್ಯದಿಂದ ವರದಿ ಕೇಳಿತು. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅಮೆರಿಕದ ಎರಡು ಶತಮಾನಗಳ ಲೆಕ್ಕ ತೆಗೆದು ಕಂಡುಕೊಂಡಿದ್ದೂ ಇದಕ್ಕೆ ಹತ್ತಿರದ್ದೇ: ಇಂದು ಗಂಡು ಹೆಣ್ಣಿನ ಗಳಿಕೆಯ ಅಂತರ ಬಹುಪಾಲು ತೆರೆದುಕೊಳ್ಳುವುದು ಮೊದಲ ಮಗು ಹುಟ್ಟಿದ ಮೇಲೆ.

ಮಗು ಇಬ್ಬರದೂ ಆದರೂ ಅದರ ಹೊಣೆ ಒಬ್ಬರದೇ ಆಗುತ್ತದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ 299 ನಿಮಿಷ ಕಳೆದರೆ ಗಂಡಸರು ಕಳೆದಿದ್ದು 97 ನಿಮಿಷ. ಈ ದುಡಿಮೆಗೆ ಬೆಲೆಯುಂಟು ಎಂದು ಮದ್ರಾಸ್ ಹೈಕೋರ್ಟ್ 2023ರ ಜೂನ್‌ನಲ್ಲಿ ಸ್ಪಷ್ಟವಾಗಿ ಹೇಳಿತು. ಗಂಡ ಸೌದಿಯಲ್ಲಿ ದುಡಿದು ಕಳಿಸಿದ ಹಣದಿಂದ ಕೊಂಡ ಆಸ್ತಿಯ ವ್ಯಾಜ್ಯವದು. ಮನೆ, ಮಕ್ಕಳನ್ನು ನೋಡಿಕೊಂಡ ಹೆಂಡತಿಯೂ ಆ ಆಸ್ತಿಯ ಗಳಿಕೆಯಲ್ಲಿ ಪಾಲುದಾರಳು ಎಂದು ನ್ಯಾಯಮೂರ್ತಿ ಕೃಷ್ಣನ್ ರಾಮಸಾಮಿ ತೀರ್ಪಿತ್ತರು. ಮನೆಯೊಳಗಿನ ದುಡಿಮೆಗೆ ಲೆಕ್ಕ ಸಿಗದಿದ್ದರೆ ಹೊರಗಿನ ಸಂಬಳದ ಅಂತರವೂ ಅರ್ಥವಾಗುವುದಿಲ್ಲ.

ಅಂತರ ಮುಚ್ಚುವುದು ಅಸಾಧ್ಯವೇನಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆ ಗಂಡಾಳು, ಹೆಣ್ಣಾಳು ಎಂದು ಎರಡು ದರ ಇಡಲಿಲ್ಲ. ತಮಿಳುನಾಡಿನಲ್ಲಿ ಆ ಕೆಲಸಕ್ಕೆ ಬಂದವರಲ್ಲಿ ಹೆಂಗಸರೇ ಬಹುಪಾಲು. ಕಟ್ಟಡ ಕಾರ್ಮಿಕರ 1996ರ ಕಾಯ್ದೆ 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಮಕ್ಕಳ ಕೋಣೆ ಇರಲೇಬೇಕು ಎಂದಿತು. ಕಟ್ಟಡ ಕಾರ್ಮಿಕರಿಗೆ ಕಾನೂನಿನ ರಕ್ಷಣೆ ಬೇಕೆಂದು ಚೆನ್ನೈಯ ಆರ್. ಗೀತಾ ಅವರಂಥವರು ದಶಕಗಳ ಕಾಲ ಹೋರಾಡಿದ್ದಾರೆ. ಕಾನೂನು ಬಂದಿದೆ, ಕಟ್ಟಡದ ಜಾಗದಲ್ಲಿ ಅದು ಜಾರಿಯಾಗಬೇಕು.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗಳು ಕಟ್ಟಡಗಳ ಮೇಲಿನ ಸೆಸ್‌ನಿಂದ ಕೂಡಿಸಿದ ಹಣದಲ್ಲಿ ಒಂದು ಪಾಲನ್ನು ಹೆಂಗಸರಿಗೆ ಗಾರೆ, ಟೈಲ್ಸ್, ಪೇಂಟಿಂಗ್ ಕಸುಬು ಕಲಿಸಲು ಎತ್ತಿಡಲಿ. ಕಲಿಯುವ ದಿನಗಳಿಗೂ ಕೂಲಿ ಕೊಡಲಿ. ಕೂಲಿ ಬಿಟ್ಟು ಕಲಿಯಲು ಯಾರಿಂದಲೂ ಆಗದು. ಸರ್ಕಾರಿ ಕಾಮಗಾರಿಯ ಗುತ್ತಿಗೆಯಲ್ಲೇ ಇಂತಿಷ್ಟು ಮಹಿಳಾ ಮೇಸ್ತ್ರಿಗಳಿರಬೇಕೆಂಬ ಷರತ್ತು ಹಾಕಲಿ. ಮನೆ ಕಟ್ಟಿಸುವ ನಾವೂ ಸುಮ್ಮನಿರಬೇಕಿಲ್ಲ. ಗಂಡಾಳು, ಹೆಣ್ಣಾಳು ಇಬ್ಬರಿಗೂ ಕೂಲಿ ಎಷ್ಟು ಕೊಡುತ್ತೀರಿ ಎಂದು ಗುತ್ತಿಗೆದಾರರನ್ನು ಕೇಳೋಣ. ಇಷ್ಟು ವರ್ಷ ದುಡಿದ ಈ ಹೆಣ್ಣುಮಗಳಿಗೆ ಗೋಡೆ ಕಟ್ಟುವುದನ್ನು ಯಾಕೆ ಕಲಿಸಲಿಲ್ಲ ಎಂದೂ ಕೇಳೋಣ. ಆ ಎರಡನೆಯ ಪ್ರಶ್ನೆಗೆ ಉತ್ತರ ಬರುವವರೆಗೆ ಸಮಾನ ವೇತನ ಎಂಬುದು ಕಾಗದದ ಮೇಲಷ್ಟೇ ಉಳಿಯುತ್ತದೆ.