ಹಳೆಯ ಸೀರೆ, ಹೊಳೆಯುವ ನೆಲ
ಸವೆದ ಹತ್ತಿಯ ಸೀರೆಯನ್ನು ಎಸೆಯುವ ಗೃಹಿಣಿಯು ನೆಲ ಒರೆಸಲು ಅತ್ಯುತ್ತಮವಾದ ವಸ್ತ್ರವೊಂದನ್ನು ಕಳೆದುಕೊಂಡಂತೆಯೇ ಸರಿ. ಒರೆಸುವ ಕೋಲಿನ ಹಲಗೆಯ ಅಳತೆಗೆ ಅದನ್ನು ನಾಲ್ಕು ಪದರವಾಗಿ ಮಡಿಸಿ, ಅಂಚು ಹೊಲಿದು, ತುದಿಗಳಿಗೆ ಲಾಡಿಯಿಟ್ಟರೆ, ಕಟ್ಟಿ ಒರೆಸಬಹುದು, ಬಿಚ್ಚಿ ಒಗೆಯಬಹುದು. ಹತ್ತಿಯಂತೆ ನೀರು ಹೀರುವ ಗುಣ ನೈಲಾನಿಗಿಲ್ಲ.

ಹತ್ತು ಅಂಟುವಾಳದ ಕಾಯಿಗಳ ಬೀಜ ತೆಗೆದು, ಸಿಪ್ಪೆಯನ್ನು ರಾತ್ರಿ ನೆನೆಯಿಟ್ಟು, ಬೆಳಗ್ಗೆ ಕುದಿಸಿ ಸೋಸಬೇಕು. ಅದರಲ್ಲಿನ ಸಪೋನಿನ್ ಜಿಡ್ಡನ್ನು ಬಿಡಿಸುತ್ತದೆ. ಬಕೆಟ್ ನೀರಿಗೆ ಒಂದು ಲೋಟ ಸಾಕು.

ಆದರೆ ಹೊಳಪಿನ ಆಸೆಗೆ ನಿಂಬೆರಸ ಬೆರೆಸುವುದು ತರವಲ್ಲ. ಅಮೃತಶಿಲೆ, ಕಡಪ ಕಲ್ಲುಗಳಲ್ಲಿ ಸುಣ್ಣದ ಅಂಶವಿದೆ. ಹುಳಿ ತಗುಲಿ ಮಾಸಿದ ಹೊಳಪು ಎಷ್ಟು ಒರೆಸಿದರೂ ಮರಳದು. ಅಂಟುವಾಳದ ನೀರು ಕಣ್ಣಿಗೆ ಉರಿ. ಅಂಬೆಗಾಲಿಡುವ ಕೂಸಿರುವ ಮನೆಯಲ್ಲಿ ಕಡೆಗೊಮ್ಮೆ ಬರಿಯ ನೀರಿನಲ್ಲಿ ಒರೆಸುವುದೇ ಲೇಸು.